ಕಣಜದ ಮೇಲಿನ ಆಂಟೆನಾ, ಧರೆ ಮೇಲಿನ ಅಮ್ಮ

ಕಳೆದ ಜುಲೈನ ಒಂದು ಶನಿವಾರ ಬೆಳಗ್ಗೆ ಸಹೋದ್ಯೋಗಿಯೊಬ್ಬರ ಅಪ್ಪನ ಮನೆಗೆ ತಿಂಡಿಗೆ ಹೋಗಿದ್ದೆ. ನಾನಿರುವ ಡೆಮೊಯಿನ್ ಊರಿನಿಂದ ಒಂದೂವರೆ ಗಂಟೆ ದಾರಿ. ಅಮೆರಿಕದ ಅಯೋವಾ ರಾಜ್ಯದ ಒಳಗೆ ಹೋದಷ್ಟೂ ಮೆಕ್ಕೆಜೋಳ, ಸೋಯಾ, ಮತ್ತೆ ಮೆಕ್ಕೆಜೋಳ. ಒಂದು ಮನೆಯಿಂದ ಇನ್ನೊಂದು ಮನೆಗೆ ಮೈಲಿ ದೂರ. ಅಂಥ ಕಡೆ ಅಡುಗೆಮನೆಯ ಮೇಜಿನ ಪಕ್ಕ ಕೂತು ಹೊಸನಗರದ ಕಡೆಯ ನಮ್ಮ ಮನೆಗೆ ವಿಡಿಯೋ ಕಾಲ್ ಮಾಡಿದೆ. ಅಮ್ಮನಿಗೆ ಈ ಮನೆ, ಈ ಹೊಲ ತೋರಿಸೋಣ ಅಂತ.

ನನ್ನ ಕಡೆಯ ಚಿತ್ರ ಕನ್ನಡಿಯ ಹಾಗೆ ಇತ್ತು. ಅಮ್ಮನ ಕಡೆ ಮೊದಲು ಕತ್ತಲೆ, ಆಮೇಲೆ ಟಾರ್ಚಿನ ಬೆಳಕು, ಆಮೇಲೆ ಕೊಡೆಯ ಕಡ್ಡಿ. ಅಲ್ಲಿ ರಾತ್ರಿ ಏಳೂವರೆ, ಆಷಾಢದ ಮಳೆ. "ಎಲ್ಲಿದ್ದೀಯಮ್ಮ?" ಅಂದೆ. "ಧರೆ ಮೇಲೆ ಬಂದಿದೀನಿ ಕಣೋ, ಮನೆ ಒಳಗೆ ಸಿಗ್ನಲ್ಲಿನ ಒಂದು ಕಡ್ಡಿನೂ ಸಿಗಲ್ಲ" ಅಂದಳು. ಅಷ್ಟರಲ್ಲಿ ಮುಖ ಚೌಕ ಚೌಕವಾಗಿ ಒಡೆದು ನಿಂತುಹೋಯ್ತು. ಅರವತ್ತೆಂಟು ವರ್ಷದವಳು. ಧರೆ ಅಂದರೆ ಕಡಿದಾದ ಮಣ್ಣಿನ ದಿಬ್ಬ, ಮಳೆಯಲ್ಲಿ ಜಾರುತ್ತದೆ. ಮಗನ ಮುಖ ನೋಡಲು ಅಲ್ಲಿ ಹತ್ತಬೇಕು.

ಮೇಜಿನ ಆಚೆ ಕೂತಿದ್ದ ಹಿರಿಯರು ಎಲ್ಲ ನೋಡಿದರು. ಏನೂ ಕೇಳಲಿಲ್ಲ. ತಿಂಡಿ ಆದಮೇಲೆ ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಮನೆಯ ಗೋಡೆಗೆ ಕೂರಿಸಿದ್ದ ಬಿಳಿ ಪೆಟ್ಟಿಗೆಯೊಂದನ್ನು ತೋರಿಸಿದರು. ಊಟದ ತಟ್ಟೆಯಷ್ಟು ಅಗಲ. ಅದರ ಮುಖ ಮೂರು ಮೈಲಿ ಆಚೆಯ ಸಹಕಾರಿ ಸಂಘದ ಧಾನ್ಯದ ಕಣಜದ ಕಡೆಗಿತ್ತು. ನಮ್ಮೂರಿನ ಕಣಜ ಅಂದುಕೊಳ್ಳಬೇಡಿ, ಇದು ಹತ್ತು ಮಹಡಿ ಎತ್ತರದ ಕಾಂಕ್ರೀಟ್ ಕೊಳವೆ. ಅದರ ನೆತ್ತಿಯ ಮೇಲೆ ನಾಲ್ಕು ಆಂಟೆನಾ. ಮನೆಗೆ ಇಂಟರ್ನೆಟ್ ಬರುವುದು ಅಲ್ಲಿಂದ, ಗಾಳಿಯಲ್ಲಿ. ಟವರ್ ಕಟ್ಟುವ ಖರ್ಚೇ ಇಲ್ಲ. "ಆ ಗಾಳಿ ನಮ್ಮದು" ಅಂದರು ಅವರು. ಅವರು ಊರಿನ ಟೆಲಿಫೋನ್ ಸಹಕಾರಿ ಸಂಘದ ನಿರ್ದೇಶಕರಲ್ಲಿ ಒಬ್ಬರು. 2020ರ ಸ್ಪೆಕ್ಟ್ರಂ, ಅಂದರೆ ರೇಡಿಯೋ ತರಂಗಗಳ, ಹರಾಜಿನಲ್ಲಿ ಸಂಘ ತನ್ನ ಕೌಂಟಿಗೆ (ಸುಮಾರಾಗಿ ನಮ್ಮ ಒಂದೆರಡು ತಾಲ್ಲೂಕು) ಎರಡು ಲೈಸೆನ್ಸ್ ಕೊಂಡಿತಂತೆ. ಎರಡೂ ಸೇರಿ ಒಂದು ಹೊಸ ಟ್ರ್ಯಾಕ್ಟರಿನ ಬೆಲೆಯೂ ಆಗಲಿಲ್ಲವಂತೆ.

ಟ್ರ್ಯಾಕ್ಟರಿನ ಬೆಲೆಗೆ ಸ್ಪೆಕ್ಟ್ರಂ! ನಮ್ಮಲ್ಲಿ ಆ ಪದ ಕೇಳಿದರೆ ನೆನಪಾಗುವುದು ಲಕ್ಷ ಕೋಟಿ, 2ಜಿ ಹಗರಣ, 2012ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದ 122 ಲೈಸೆನ್ಸ್. ಅಡಿಕೆ ಸುಲಿಯುವ ಚಪ್ಪರದಲ್ಲಿ ಕೂತವರು ಕೊಳ್ಳಬಹುದಾದ ವಸ್ತು ಅದು ಅಂತ ನನಗೆ ಯಾವತ್ತೂ ಹೊಳೆದಿರಲಿಲ್ಲ.

ಮನೆಗೆ ಬಂದು ಆ ಹರಾಜಿನ ಬಗ್ಗೆ ಓದುತ್ತಾ ಕೂತೆ. 3550ರಿಂದ 3700 ಮೆಗಾಹರ್ಟ್ಸ್‌ವರೆಗಿನ ಈ ಪಟ್ಟಿಯನ್ನು ಅಮೆರಿಕದಲ್ಲಿ ಮುಖ್ಯವಾಗಿ ನೌಕಾಪಡೆಯ ರೇಡಾರ್‌ಗಳು ಬಳಸುತ್ತಿದ್ದವು. ರೇಡಾರ್ ಇರುವುದು ಹೆಚ್ಚಾಗಿ ಕರಾವಳಿಯ ಕಡೆ. ಒಳನಾಡಿನಲ್ಲಿ ಆ ಗಾಳಿ ಬಹುಪಾಲು ಸುಮ್ನೆ ಬಿದ್ದಿತ್ತು. ಅದನ್ನು ಎಫ್‌ಸಿಸಿ, ಅಂದರೆ ಅವರ ದೂರಸಂಪರ್ಕ ಆಯೋಗ, ಮೂರು ಪಾಲು ಮಾಡಿತು. ಮೊದಲ ಹಕ್ಕು ನೌಕಾಪಡೆಯಂಥ ಹಳಬರದ್ದು. ಎರಡನೆಯದು ದುಡ್ಡು ಕೊಟ್ಟು ಲೈಸೆನ್ಸ್ ಪಡೆದವರದ್ದು. ಮೂರನೆಯದು ಯಾರು ಬೇಕಾದರೂ ಬಳಸಬಹುದಾದ ಪಾಲು. ಲೈಸೆನ್ಸನ್ನು ಕೌಂಟಿ ಲೆಕ್ಕದಲ್ಲಿ ಕತ್ತರಿಸಿದರು. ಒಂದೊಂದು ಕೌಂಟಿಗೆ 10 ಮೆಗಾಹರ್ಟ್ಸ್‌ನ ಏಳು ತುಂಡು, ಹತ್ತು ವರ್ಷದ ಅವಧಿ. ದೇಶಕ್ಕೆಲ್ಲ ಸೇರಿ 22,631 ತುಂಡು ಹರಾಜಿಗೆ ಬಂತು. ಗೆದ್ದವರು 228 ಮಂದಿ. ಅದರಲ್ಲಿ ವಿದ್ಯುತ್ ಸಹಕಾರಿಗಳಿದ್ದವು, ಹಳ್ಳಿಯ ಸಣ್ಣ ಇಂಟರ್ನೆಟ್ ಕಂಪನಿಗಳಿದ್ದವು, ವಿಶ್ವವಿದ್ಯಾಲಯ ಇತ್ತು, ಟ್ರ್ಯಾಕ್ಟರ್ ಮಾಡುವ ಜಾನ್ ಡೀರ್ ಕೂಡ ಇತ್ತು. ಗ್ರಾಮೀಣ ಸೇವೆ ಕೊಡುವವರಿಗೆ ಬೆಲೆಯಲ್ಲಿ 15 ಶೇಕಡಾ ರಿಯಾಯಿತಿ.

ಇದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ನಿಯಮ. ಲೈಸೆನ್ಸ್ ಕೊಂಡವನು ಆ ಜಾಗದಲ್ಲಿ ಬಳಸದೇ ಬಿಟ್ಟರೆ, ಮೂರನೆಯ ಪಾಲಿನವರು ಅಲ್ಲಿಯೂ ಬಳಸಬಹುದು. ಎಲ್ಲಿ ಯಾರು ಪ್ರಸಾರ ಮಾಡುತ್ತಿದ್ದಾರೆ ಅನ್ನುವುದನ್ನು ಕಂಪ್ಯೂಟರ್ ವ್ಯವಸ್ಥೆಯೊಂದು ನೋಡಿಕೊಳ್ಳುತ್ತದೆ. ನಿಮ್ಮ ಆಂಟೆನಾ ಅದನ್ನು ಕೇಳುತ್ತದೆ, ಅದು ಖಾಲಿ ಇರುವ ಜಾಗ ತೋರಿಸುತ್ತದೆ, ಹಕ್ಕುದಾರ ಬಂದರೆ ನೀವು ಬೇರೆ ಕಡೆ ಸರಿಯಬೇಕು. ಕಾಗದದ ಮೇಲೆ ಹಿಡಿದುಕೊಂಡು ಬೀಳು ಬಿಡುವಂತಿಲ್ಲ.

ನಮ್ಮ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕೇ? ತೋಟ ನನ್ನದು, ಸೊಪ್ಪಿನ ಬೆಟ್ಟದಲ್ಲಿ ನನಗೆ ಹಕ್ಕು, ಗೋಮಾಳ ಊರಿಗೆಲ್ಲ. ಬೇಲಿ ಎಲ್ಲಿ, ದಾರಿ ಎಲ್ಲಿ, ಯಾರ ದನ ಎಲ್ಲಿಯವರೆಗೆ ಅಂತ ತಲೆಮಾರುಗಳಿಂದ ಗೊತ್ತು. ನೆಲದ ವಿಷಯದಲ್ಲಿ ಇಷ್ಟೆಲ್ಲ ತಿಳಿದ ನಾವು ಗಾಳಿಯ ವಿಷಯದಲ್ಲಿ ಮಾತ್ರ ಇಡೀ ರಾಜ್ಯವನ್ನು ಒಂದೇ ಗಂಟು ಕಟ್ಟಿ ಮಾರುತ್ತೇವೆ.

ಮೊಬೈಲ್ ಸ್ಪೆಕ್ಟ್ರಂಗೆ ಭಾರತವನ್ನು 22 ಸರ್ಕಲ್ ಮಾಡಿದ್ದಾರೆ. ಕರ್ನಾಟಕ ಒಂದು ಸರ್ಕಲ್. ಬೆಂಗಳೂರಿನ ಎಂ.ಜಿ. ರಸ್ತೆ, ರಾಯಚೂರಿನ ಬಿಸಿಲು, ಹೊಸನಗರದ ಕಾಡು ಎಲ್ಲವೂ ಒಂದೇ ಚೀಟಿ. 31 ಜಿಲ್ಲೆಯ ಗಾಳಿ ಒಟ್ಟಿಗೆ ಕೊಳ್ಳುವ ಶಕ್ತಿ ಇದ್ದವನು ಮಾತ್ರ ಹರಾಜಿಗೆ ಬರಬಹುದು. ಬಂದವನು ಬೆಂಗಳೂರಿಗಾಗಿ ಬೆಲೆ ಕಟ್ಟುತ್ತಾನೆ. ನಮ್ಮ ತಾಲ್ಲೂಕಿನ ಗಾಳಿ ಆ ಗಂಟಿನ ಒಳಗೆ ಜೊತೆಗೆ ಹೋಗುತ್ತದೆ, ಅವನಿಗೂ ಅದು ಬೇಕಾಗಿಲ್ಲ. ಇಪ್ಪತ್ತು ವರ್ಷ ಅವನದೇ. ಟವರ್ ಹಾಕುವುದಕ್ಕೆ ಮನೆ ಸಂಖ್ಯೆ ಎಣಿಸುತ್ತಾನೆ. ನಮ್ಮ ಕೇರಿಯಲ್ಲಿ ಮನೆ ಹನ್ನೊಂದು.

2022ರ ಹರಾಜಿನಲ್ಲಿ ಸರ್ಕಾರಕ್ಕೆ 1,50,173 ಕೋಟಿ ರೂಪಾಯಿಯ ಬಿಡ್ ಬಂತು. ದೇಶಕ್ಕೆಲ್ಲ ಸೇರಿ ಬಂದವರು ನಾಲ್ಕೇ ಕಂಪನಿ. ಎಲ್ಲ ಸರ್ಕಲ್ ಸೇರಿಸಿ ಇಟ್ಟಿದ್ದ 72,098 ಮೆಗಾಹರ್ಟ್ಸ್‌ನಲ್ಲಿ 51,236 ಹೋಯ್ತು. 2024ರ ಜೂನ್‌ನಲ್ಲಿ ಮತ್ತೆ ಹತ್ತು ಸಾವಿರಕ್ಕೂ ಜಾಸ್ತಿ ಮೆಗಾಹರ್ಟ್ಸ್ ಇಟ್ಟರು. ಹೋಗಿದ್ದು ಸುಮಾರು 141. ಮಿಕ್ಕಿದ್ದು ಯಾರ ಕೈಯಲ್ಲೂ ಇಲ್ಲ. ಗಾಳಿಯನ್ನು ಅಡಿಕೆಯ ಹಾಗೆ ಅಟ್ಟದಲ್ಲಿಟ್ಟು ಮುಂದಿನ ವರ್ಷ ಮಾರಲು ಆಗುವುದಿಲ್ಲ. ಇವತ್ತು ಬಳಸದ ತರಂಗ ಇವತ್ತಿಗೇ ಮುಗಿಯಿತು. ತರಂಗಾಂತರ ಸಾರ್ವಜನಿಕ ಸ್ವತ್ತು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆ ಸಾರ್ವಜನಿಕರಲ್ಲಿ ನನ್ನ ಅಮ್ಮನೂ ಒಬ್ಬಳು ಅಲ್ವಾ?

ಇಲ್ಲಿ ಇನ್ನೊಂದು ವಿಷಯ ನನ್ನನ್ನು ಕೆಣಕುತ್ತದೆ. ಆ ಹಿರಿಯರ ಸಂಘದಂಥವು ಅಮೆರಿಕದಲ್ಲಿ ಹುಟ್ಟಿದ್ದು ಕಷ್ಟದಿಂದ. 1930ರ ದಶಕದ ನಡುವೆ ಅಮೆರಿಕದ ಹೊಲಮನೆಗಳಲ್ಲಿ ಹತ್ತರಲ್ಲಿ ಒಂದಕ್ಕೆ ಮಾತ್ರ ಕರೆಂಟ್ ಇತ್ತು. ಕಂಪನಿಗಳು ಅಷ್ಟು ದೂರ ತಂತಿ ಎಳೆಯಲು ಒಪ್ಪಲಿಲ್ಲ. 1936ರಲ್ಲಿ ಕಾನೂನು ಬಂತು, ಸರ್ಕಾರ ಸಾಲ ಕೊಟ್ಟಿತು, ರೈತರು ಸಂಘ ಕಟ್ಟಿ ತಾವೇ ಕಂಬ ನೆಟ್ಟರು. 1949ರಿಂದ ಟೆಲಿಫೋನಿಗೂ ಅದೇ ಸಾಲ ಸಿಕ್ಕಿತು. ಈಗ ಅದೇ ಸಂಘಗಳಲ್ಲಿ ಹಲವು ಇಂಟರ್ನೆಟ್ ಕೊಡುತ್ತಿವೆ.

ಇದು ನಮಗೆ ಹೊಸದೇ? 1905ರಲ್ಲಿ ಗದಗದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಕಟ್ಟಿದ ಸಹಕಾರಿ ಸಂಘ ದೇಶದ ಮೊದಮೊದಲ ಸಂಘಗಳಲ್ಲಿ ಒಂದು. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ ಕರೆಂಟ್ ಹಂಚುವುದೇ ಒಂದು ಸಹಕಾರಿ ಸಂಘ, ಅದೂ ದಶಕಗಳಿಂದ. ನಮ್ಮ ಕಡೆ ಅಡಿಕೆ ಮಾರುವುದು ಸಂಘ, ಗೊಬ್ಬರ ತರುವುದು ಸಂಘ, ಮಗಳ ಮದುವೆಗೆ ಸಾಲ ಕೊಡುವುದೂ ಸಂಘ. ಬೈಲಾ, ಸರ್ವಸದಸ್ಯರ ಸಭೆ, ಆಡಿಟ್, ಡಿವಿಡೆಂಡ್ ಎಲ್ಲ ಅಭ್ಯಾಸ ಆಗಿದೆ. ಅಮೆರಿಕದವರು ನಮಗೆ ಕಲಿಸಬೇಕಾದ್ದು ಏನೂ ಇಲ್ಲ. ಒಂದು ತಾಲ್ಲೂಕಿನಷ್ಟು ಗಾಳಿಯನ್ನು ಕತ್ತರಿಸಿ ಕೊಡುವ ಕತ್ತರಿ ಸರ್ಕಾರದ ಹತ್ತಿರ ಇಲ್ಲ, ಅಷ್ಟೆ. ಇಂಟರ್ನೆಟ್ ಕೊಡುವ ಲೈಸೆನ್ಸ್ ಮಾತ್ರ ಸಣ್ಣ ಅಳತೆಯಲ್ಲಿ ಸಿಗುತ್ತದೆ. ಸಿ ದರ್ಜೆಯದ್ದು ತೆಗೆದುಕೊಂಡರೆ ಹೆಚ್ಚುಕಡಿಮೆ ಒಂದು ಜಿಲ್ಲೆಯಷ್ಟು ಜಾಗ. ಅಂಗಡಿ ತೆರೆಯಲು ಪರವಾನಗಿ ಉಂಟು, ಸಾಮಾನು ಮಾತ್ರ ಇಡೀ ರಾಜ್ಯಕ್ಕೆ ಸೇರಿಸಿ ಕೊಳ್ಳಬೇಕು.

ನಮ್ಮ ಮನೆಯ ಹಿಂದೆ ಇವತ್ತಿಗೂ ಒಂದು ಕಬ್ಬಿಣದ ಪೈಪ್ ನಿಂತಿದೆ. ಬಿಎಸ್‌ಎನ್‌ಎಲ್‌ನ ಡಬ್ಲ್ಯುಎಲ್ಎಲ್ (ತಂತಿಯಿಲ್ಲದ) ಫೋನ್ ಬಂದ ವರ್ಷ ಅಪ್ಪ ಅದನ್ನು ನೆಟ್ಟಿದ್ದರು. ತುದಿಗೆ ಮೀನಿನ ಮುಳ್ಳಿನಂಥ ಆಂಟೆನಾ. ನಾನು ಜಗುಲಿಯಲ್ಲಿ ರಿಸೀವರ್ ಹಿಡಿದು "ಇನ್ನೊಂದ್ಚೂರು ಎಡಕ್ಕೆ" ಅನ್ನುವುದು, ಅಪ್ಪ ಪೈಪ್ ತಿರುಗಿಸುವುದು. ಡಯಲ್ ಟೋನ್ ಕೇಳಿದ ಕೂಡಲೇ ಅಪ್ಪ ಪೈಪಿನ ಬುಡಕ್ಕೆ ಕಲ್ಲು ಜಡಿದು ಭದ್ರ ಮಾಡಿದರು. ಆವತ್ತು ರಾತ್ರಿ ಬೊಂಬಾಯಿಯ ಚಿಕ್ಕಪ್ಪನ ಜೊತೆ ಮಾತಾಡಿದೆವು. ಕೇರಿಯ ಹನ್ನೊಂದು ಮನೆಗೂ ಗಾಳಿಯಲ್ಲಿ ಫೋನ್ ಬಂದಿತ್ತು. ಅಂದರೆ ಆಗುತ್ತದೆ, ಮನಸ್ಸು ಮಾಡಿದರೆ. ಪೈಪಿನ ಮೇಲೆ ಈಗ ಅಮ್ಮ ಹಾಗಲಬಳ್ಳಿ ಹಬ್ಬಿಸಿದ್ದಾಳೆ.

ಇಷ್ಟು ಬರೆದ ಮೇಲೆ ಒಪ್ಪಿಕೊಳ್ಳಬೇಕಾದ ಕೆಲವು ಮಾತು ಇವೆ. ಮನಸ್ಸಿಲ್ಲದಿದ್ದರೂ ಹೇಳುತ್ತೇನೆ.

ಅಯೋವಾ ಚಪ್ಪಟೆ ನೆಲ. ಕಣಜದ ಮೇಲೆ ಹತ್ತಿದರೆ ಪಕ್ಕದ ಊರಿನ ಕಣಜ ಕಾಣುತ್ತದೆ. 3.5 ಗಿಗಾಹರ್ಟ್ಸ್, ಅಂದರೆ ಆ 3550 ಮೆಗಾಹರ್ಟ್ಸ್ ಸುತ್ತಿನ ತರಂಗಕ್ಕೆ ಅದು ಹೇಳಿ ಮಾಡಿಸಿದ ಜಾಗ. ನಮ್ಮಲ್ಲಿ ಗುಡ್ಡ, ಕಣಿವೆ, ಮಳೆಗಾಲದಲ್ಲಿ ನೀರು ಹಿಡಿದ ಎಲೆ. ಆ ತರಂಗ ಎಲೆಯಲ್ಲೇ ಇಂಗಿಹೋಗುತ್ತದೆ. ನಮಗೆ ಬೇಕಾದ್ದು 700 ಮೆಗಾಹರ್ಟ್ಸ್‌ನಂಥ ಕೆಳಗಿನ ಪಟ್ಟಿ. ಅದನ್ನು ಅಮೆರಿಕದಲ್ಲೂ ಹೆಚ್ಚಾಗಿ ದೊಡ್ಡವರೇ ಹಿಡಿದುಕೊಂಡಿದ್ದಾರೆ. ನಾನು ಹೊಗಳಿದ 2020ರ ಹರಾಜಿನಲ್ಲೂ ಒಟ್ಟು ಬಂದ 458 ಕೋಟಿ ಡಾಲರ್‌ನಲ್ಲಿ ಸುಮಾರು 189 ಕೋಟಿ ಕೊಟ್ಟದ್ದು ದೊಡ್ಡ ಫೋನ್ ಕಂಪನಿ ವೆರೈಜನ್ ಒಂದೇ. ಆ ಹಿರಿಯರು ತಿಂಗಳಿಗೆ 65 ಡಾಲರ್ ಕಟ್ಟುತ್ತಾರೆ. ಅಮ್ಮ ಇಡೀ ವರ್ಷಕ್ಕೂ ಅಷ್ಟು ಕಟ್ಟುವುದಿಲ್ಲ. ನೆಟ್‌ವರ್ಕ್ ಸಿಕ್ಕ ಕಡೆ ನಮ್ಮ ದೇಶದಲ್ಲಿ ಡೇಟಾ ಅಗ್ಗ ಅನ್ನುವುದು ಸುಳ್ಳಲ್ಲ.

ಸರ್ಕಾರ ಏನೂ ಮಾಡಿಲ್ಲ ಅಂತಲೂ ಅಲ್ಲ. 2018ರಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯ 605 ಮೆಗಾಹರ್ಟ್ಸನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟರು. ಗುಡ್ಡದ ನೆತ್ತಿಯಿಂದ ಗುಡ್ಡದ ನೆತ್ತಿಗೆ ಅದು ಚೆನ್ನಾಗಿ ಹೋಗುತ್ತದೆ. 2022ರಲ್ಲಿ 4ಜಿ ಇಲ್ಲದ 24,680 ಹಳ್ಳಿಗಳಿಗೆ ಅದನ್ನು ಮುಟ್ಟಿಸಲು ಕೇಂದ್ರ ಸಂಪುಟ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನಮ್ಮ ಪಕ್ಕದ ಊರಿನ ಕೇಬಲ್ ಹುಡುಗ ಮರದಿಂದ ಮರಕ್ಕೆ ಫೈಬರ್ ಎಳೆದು ನಲವತ್ತು ಮನೆಗೆ ಇಂಟರ್ನೆಟ್ ಕೊಟ್ಟಿದ್ದಾನೆ. ಕೊರೋನಾ ವರ್ಷ ಮಕ್ಕಳು ಗುಡ್ಡದ ಮೇಲೆ ಪ್ಲಾಸ್ಟಿಕ್ ಹೊದ್ದು ಪಾಠ ಕೇಳುವುದನ್ನು ನೋಡಲಾಗದೆ ಶುರು ಮಾಡಿದ್ದು. ಒಂದು ಕೊಂಬೆ ಬಿದ್ದರೆ ಮೂರು ದಿನ ಇಲ್ಲ, ಆದರೂ ಅವನು ಬಂದು ಜೋಡಿಸುತ್ತಾನೆ. ಅವನಿಗೆ ನಮ್ಮ ಹಳ್ಳದ ಈಚೆ ತಂತಿ ತರಲು ಆಗಿಲ್ಲ. ಆ ಹಳ್ಳ ದಾಟುವುದಕ್ಕೇ ಗಾಳಿ ಬೇಕಾಗಿರುವುದು.

ಕಳೆದ ತಿಂಗಳು ನಮ್ಮ ಊರಿನ ಸೊಸೈಟಿಯ ಕಾರ್ಯದರ್ಶಿಗೆ ಫೋನ್ ಮಾಡಿದೆ. ಅಪ್ಪನ ಸ್ನೇಹಿತರು, ಚಿಕ್ಕಂದಿನಿಂದ ಅವರನ್ನು ಮಾವ ಅಂತಲೇ ಕರೆಯುವುದು. ಅಯೋವಾದ ಕಣಜದ ಕತೆ ಹೇಳಿದೆ. ಪೂರ್ತಿ ಕೇಳಿದರು. ಸೊಸೈಟಿ ಗೋದಾಮಿನ ಹಿಂದಿನ ಗುಡ್ಡ ಎತ್ತರ ಇದೆ, ಅಲ್ಲಿಂದ ಮೂರು ಪಂಚಾಯ್ತಿ ಕಾಣುತ್ತದೆ ಅಂದರು. ಕರೆಂಟಿಗೆ ಸೋಲಾರ್ ಹಾಕಬಹುದು ಅಂದರು. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ವಿಷಯ ಇಡಬಹುದು, ಷೇರುದಾರರು ತಲಾ ಎರಡು ಸಾವಿರ ಹಾಕಿದರೆ ಎಷ್ಟಾಗುತ್ತದೆ ಅಂತ ಅಲ್ಲೇ ಬಾಯಲ್ಲಿ ಲೆಕ್ಕ ಹಾಕಿದರು. ಆಮೇಲೆ ಕೇಳಿದರು, "ಅಲ್ಲ ಮಾರಾಯ, ನಮ್ಮ ತಾಲ್ಲೂಕಿನ ಗಾಳಿ ಕೊಡಿ ಅಂತ ಅರ್ಜಿ ಯಾರಿಗೆ ಹಾಕ್ಬೇಕು?"

ಪೆನ್ನು ತೆಗೆಯುವ ಸದ್ದು ನನಗೆ ಕೇಳಿಸಿತು. ವಿಳಾಸ ಬರೆದುಕೊಳ್ಳಲು ಕಾಯುತ್ತಿದ್ದರು.