ಇಲಿಯ ಪ್ರಾಣಿತ್ವ ರದ್ದಾದ ವೃತ್ತಾಂತ

ಮನುಷ್ಯನ ಪ್ರಾಣಿದಯೆಗೆ ಸಾಕ್ಷಿ ಬೇಕೆನ್ನುವವರು ಅವನ ಊಟದ ತಟ್ಟೆಯ ಕಡೆ ಕಣ್ಣು ಹಾಯಿಸದೆ, ಅವನು ತುಂಬಿಕೊಟ್ಟ ಪ್ರಶ್ನಾವಳಿಯನ್ನಷ್ಟೇ ಓದುವುದು ಕ್ಷೇಮ. ಅಮೆರಿಕದ ಸೆಂಟಿಯೆನ್ಸ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ 2017ರಲ್ಲಿ ಸಮೀಕ್ಷೆ ನಡೆಸಿದಾಗ, ಕೈಗಾರಿಕಾ ಮಾದರಿಯ ಪಶುಸಾಕಣೆಯನ್ನು ನಿಷೇಧಿಸಬೇಕೆಂದು ಶೇ 49 ಮಂದಿಯೂ ಕಸಾಯಿಖಾನೆಗಳನ್ನೇ ಮುಚ್ಚಿಸಬೇಕೆಂದು ಶೇ 47 ಮಂದಿಯೂ ಹೇಳಿದರು. ಮಾಂಸ ಮುಟ್ಟದವರು ನೂರಕ್ಕೆ ಐವರ ಆಸುಪಾಸಿನಲ್ಲಿರುವ ದೇಶದಲ್ಲಿ ಬಂದ ಉತ್ತರವಿದು. ಒಕ್ಲಹಾಮ ಸ್ಟೇಟ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು ಅವೇ ಪ್ರಶ್ನೆಗಳನ್ನು ತಾವೂ ಕೇಳಿ ನೋಡಿದರು. ಹೆಚ್ಚುಕಡಿಮೆ ಅದೇ ಉತ್ತರ ಬಂತು. ಸಾಲದ್ದಕ್ಕೆ, ತಾವು ಸಾಮಾನ್ಯವಾಗಿ ಕೊಳ್ಳುವ ಮಾಂಸ, ಹಾಲು, ಮೊಟ್ಟೆಗಳೆಲ್ಲ ದಯೆಯಿಂದ ಸಾಕಿದ ಪ್ರಾಣಿಗಳವು ಎಂದು ಸಂಸ್ಥೆಗೆ ಉತ್ತರಿಸಿದವರಲ್ಲಿ ನಾಲ್ವರಿಗೆ ಮೂವರು ಹೇಳಿಕೊಂಡರು. ಆ ದೇಶದ ಸಾಕಣೆ ಪ್ರಾಣಿಗಳಲ್ಲಿ ಸುಮಾರು ಶೇ 99ರಷ್ಟು ಕೈಗಾರಿಕಾ ಫಾರ್ಮುಗಳಲ್ಲೇ ಇವೆ ಎಂಬುದು ಅದೇ ಸಂಸ್ಥೆಯ ಅಂದಾಜು. ಹಾಗಿದ್ದಲ್ಲಿ ಉಳಿದ ಶೇ 1ರಷ್ಟು ಪ್ರಾಣಿಗಳೇ ದೇಶದ ಮುಕ್ಕಾಲು ಪಾಲು ಜನರನ್ನು ಸಲಹುತ್ತಿರಬೇಕು. ದ್ರೌಪದಿಯ ಅಕ್ಷಯಪಾತ್ರೆಗೂ ಇಷ್ಟು ಕೆಲಸ ಬಿದ್ದಿರಲಿಲ್ಲ.

ಕ್ಯಾಲಿಫೋರ್ನಿಯದ ಮತದಾರರು 2008ರಲ್ಲಿ, ಕೋಳಿಗೆ ರೆಕ್ಕೆ ಬಿಚ್ಚುವಷ್ಟು, ಹಂದಿಗೆ ಮಗ್ಗುಲು ಬದಲಿಸಿ ತಿರುಗುವಷ್ಟು ಜಾಗ ಕೊಡಬೇಕೆಂಬ ಪ್ರಸ್ತಾವವನ್ನು ಶೇ 63ಕ್ಕೂ ಹೆಚ್ಚು ಮತಗಳಿಂದ ಗೆಲ್ಲಿಸಿದರು. ಅದೇ ಕಾಲದಲ್ಲಿ ಅಂಗಡಿಗಳಲ್ಲಿ ಬಿಕರಿಯಾಗುತ್ತಿದ್ದ ಮೊಟ್ಟೆಗಳಲ್ಲಿ ಬಹುಪಾಲು ಪಂಜರದ ಕೋಳಿಗಳವೇ. ಮತಗಟ್ಟೆಗೆ ಹೋದ ನಾಗರಿಕನಿಗೂ ಮೊಟ್ಟೆಯಂಗಡಿಗೆ ಹೋದ ಗ್ರಾಹಕನಿಗೂ ಮುಖಪರಿಚಯವೇ ಇದ್ದಂತಿಲ್ಲ. ಇಬ್ಬರೂ ಒಂದೇ ಅಂಗಿ ತೊಟ್ಟಿದ್ದರೆಂಬುದಷ್ಟೇ ಅವರ ನಂಟು.

ಈ ಮರೆವಿನ ಮೂಲ ಎಲ್ಲಿದೆಯೆಂದು ಹುಡುಕಿದ ಮನಶ್ಶಾಸ್ತ್ರಜ್ಞರಾದ ಸ್ಟೀವ್ ಲಾಕ್ನನ್, ನಿಕ್ ಹಾಸ್ಲಂ ಮತ್ತು ಬ್ರಾಕ್ ಬಾಸ್ಟಿಯನ್ 2010ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕೆಲವರಿಗೆ ಒಣಗಿಸಿದ ದನದ ಮಾಂಸವನ್ನೂ ಕೆಲವರಿಗೆ ಗೋಡಂಬಿಯನ್ನೂ ತಿನ್ನಲು ಕೊಟ್ಟು, ಯಾವ ಯಾವ ಪ್ರಾಣಿಗಳ ಬಗ್ಗೆ ನಿಮಗೆ ನೈತಿಕ ಕಾಳಜಿಯಿದೆ ಎಂದು ಕೇಳಿದರು. ಮಾಂಸ ತಿಂದವರ ಕಾಳಜಿಯ ಪಟ್ಟಿ ಚಿಕ್ಕದಾಗಿತ್ತು, ಅದರಲ್ಲೂ ಹಸುವಿನ ಸ್ಥಾನಮಾನ ಇಳಿದಿತ್ತು. ಪ್ರಾಣಿಗಳ ವಿಷಯದಲ್ಲಿ ಕಾನೂನು ರಚಿಸುವ ಸಭೆಗಳಲ್ಲಿ ಗೋಡಂಬಿಯನ್ನು ಕಡ್ಡಾಯಗೊಳಿಸಬೇಕೆಂಬ ಬೇಡಿಕೆ ಇನ್ನೂ ಏಕೆ ಎದ್ದಿಲ್ಲವೋ ತಿಳಿಯದು.

ಎದ್ದಿದ್ದರೆ ಬಹುಶಃ ಇಲಿಗೆ ಆ ಗತಿ ಬರುತ್ತಿರಲಿಲ್ಲ. ಅಮೆರಿಕದ ಪ್ರಾಣಿ ಕಲ್ಯಾಣ ಕಾಯ್ದೆ 1966ರದು. 2002ರಲ್ಲಿ ಅದಕ್ಕೆ ತಂದ ತಿದ್ದುಪಡಿಯ ಪ್ರಕಾರ, ಸಂಶೋಧನೆಗೆಂದೇ ಬೆಳೆಸಿದ ಇಲಿ, ಹೆಗ್ಗಣ ಮತ್ತು ಹಕ್ಕಿಗಳು ಪ್ರಾಣಿಗಳೇ ಅಲ್ಲ. ಪ್ರಯೋಗಾಲಯಗಳಲ್ಲಿ ಬಹುಸಂಖ್ಯಾತರು ಇಲಿ, ಹೆಗ್ಗಣಗಳೇ ಆದ್ದರಿಂದ, ಪ್ರಾಣಿಗಳಿಗಾಗಿ ಮಾಡಿದ ಕಾಯ್ದೆಯಿಂದ ಪ್ರಾಣಿಗಳ ದೊಡ್ಡ ಪಾಲನ್ನು ಹೊರಗಿಟ್ಟು ಆಡಳಿತದ ಹೊರೆಯನ್ನು ಹಗುರಗೊಳಿಸಿದಂತಾಯಿತು. (ಸರ್ಕಾರಿ ಅನುದಾನ ಪಡೆಯುವ ಕಡೆ ಬೇರೆ ನಿಯಮಗಳು ಅವುಗಳ ನೆರವಿಗಿವೆ ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು.) ಹೀಗೆ ಪ್ರಾಣಿತ್ವ ಕಳೆದುಕೊಂಡ ನಾಲ್ಕೇ ವರ್ಷಕ್ಕೆ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು, ಪಂಜರದ ಜೊತೆಗಾರ ನೋವಿನಿಂದ ನರಳುವುದನ್ನು ಕಂಡ ಇಲಿಯಲ್ಲಿ ತನ್ನದೇ ನೋವಿನ ಪ್ರತಿಕ್ರಿಯೆ ಹೆಚ್ಚುತ್ತದೆ ಎಂದು ತೋರಿಸಿದರು. ಗುರುತಿಲ್ಲದ ಇಲಿಯ ನರಳಾಟಕ್ಕೆ ಮಾತ್ರ ಅದು ಹಾಗೆ ಮಿಡಿಯಲಿಲ್ಲ. ಈ ಒಂದು ಲಕ್ಷಣದ ಆಧಾರದ ಮೇಲೆ ಅದನ್ನು ಪ್ರಾಣಿಯೆಂದಲ್ಲದಿದ್ದರೂ ಮನುಷ್ಯನೆಂದಾದರೂ ಪರಿಗಣಿಸಬಹುದಿತ್ತು.

ಟೆನೆಸ್ಸಿ ವಿಶ್ವವಿದ್ಯಾಲಯದ ಒಂದು ಪ್ರಯೋಗಾಲಯದ ಇಲಿಗಳ ಕುರಿತು ಮನಶ್ಶಾಸ್ತ್ರಜ್ಞ ಹೆರಾಲ್ಡ್ ಹರ್ಜೋಗ್ 1988ರಲ್ಲಿ ಬರೆದದ್ದು ಇದಕ್ಕಿಂತ ಸ್ವಾರಸ್ಯವಾಗಿದೆ. ಅಲ್ಲಿ ಪಂಜರದೊಳಗಿದ್ದವು ಒಳ್ಳೆಯ ಇಲಿಗಳು. ಅವುಗಳ ಮೇಲೆ ಯಾವುದೇ ಪ್ರಯೋಗ ನಡೆಯಬೇಕಾದರೂ ಪ್ರಾಣಿಪ್ರಯೋಗಗಳ ಮೇಲೆ ಕಣ್ಣಿಡುವ ವಿಶ್ವವಿದ್ಯಾಲಯದ ಸಮಿತಿಯ ಒಪ್ಪಿಗೆ ಬೇಕಿತ್ತು. ನೆಲದ ಮೇಲೆ ಓಡಾಡುತ್ತಿದ್ದವು ಕೆಟ್ಟ ಇಲಿಗಳು. ಅವುಗಳಿಗಾಗಿ ಸಂಜೆ ಅಂಟು ಹಚ್ಚಿದ ಹಲಗೆಗಳನ್ನು ಇಡಲಾಗುತ್ತಿತ್ತು. ಕಾಲು ಅಂಟಿಕೊಂಡ ಇಲಿ ಬಿಡಿಸಿಕೊಳ್ಳಲು ಒದ್ದಾಡಿದಷ್ಟೂ ಮೈಯೆಲ್ಲ ಅಂಟಿಕೊಂಡು, ಬೆಳಗಾಗುವಷ್ಟರಲ್ಲಿ ಎಷ್ಟೋ ಬಾರಿ ಸತ್ತಿರುತ್ತಿತ್ತು. ಇಲಿಯನ್ನು ಹೀಗೆ ಹಲಗೆಗೆ ಅಂಟಿಸಿ ಪ್ರಯೋಗ ಮಾಡುತ್ತೇವೆಂದು ಅರ್ಜಿ ಹಾಕಿದ್ದರೆ ಸಮಿತಿ ಖಂಡಿತ ಒಪ್ಪುತ್ತಿರಲಿಲ್ಲ. ಇಷ್ಟಕ್ಕೂ ಆ ಕೆಟ್ಟ ಇಲಿಗಳಲ್ಲಿ ಹೆಚ್ಚಿನವು ಪಂಜರದಿಂದ ತಪ್ಪಿಸಿಕೊಂಡ ಒಳ್ಳೆಯ ಇಲಿಗಳೇ ಆಗಿದ್ದವು. ಪಂಜರದ ಬಾಗಿಲಿನಿಂದ ನೆಲಕ್ಕೆ ಜಿಗಿಯುವ ಆ ಅರೆಕ್ಷಣದಲ್ಲಿ ಸಮಿತಿಯ ರಕ್ಷಣೆಯೆಲ್ಲ ಉದುರಿಹೋಗುತ್ತಿತ್ತು.

ಕೋಳಿಯ ಪ್ರಕರಣದಲ್ಲಿ ದಯೆಗೇನೂ ಕೊರತೆಯಿರಲಿಲ್ಲ, ಕೋಳಿಯನ್ನು ಕೇಳುವುದೊಂದು ಬಾಕಿಯಿತ್ತು. ಸಾಕಣೆ ಪ್ರಾಣಿಗಳ ಕ್ಷೇಮವನ್ನು ವಿಚಾರಿಸಲು ನೇಮಕವಾಗಿದ್ದ ಬ್ರಿಟನ್ನಿನ ಬ್ರಾಂಬೆಲ್ ಸಮಿತಿ 1965ರಲ್ಲಿ, ಪಂಜರದ ನೆಲಕ್ಕೆ ಹಾಸುವ ಷಟ್ಕೋನದ ತೆಳು ತಂತಿಬಲೆ ಪಾದಕ್ಕೆ ಹಿಂಸೆಯೆಂದು ಬಗೆದು, ಅದರ ಬದಲು ದಪ್ಪ ತಂತಿಯನ್ನು ಶಿಫಾರಸು ಮಾಡಿತು. 1973ರಲ್ಲಿ ಹ್ಯೂಸ್ ಮತ್ತು ಬ್ಲ್ಯಾಕ್ ಎಂಬ ಸಂಶೋಧಕರು ಆಯ್ಕೆಯನ್ನು ಕೋಳಿಗಳಿಗೇ ಬಿಟ್ಟಾಗ ಅವು ಹೋಗಿ ನಿಂತದ್ದು ತೆಳು ಬಲೆಯ ಮೇಲೆ. ಜಾಗದ ಮಾತಿಗೆ ಬಂದರೆ, ಐರೋಪ್ಯ ಒಕ್ಕೂಟ 1999ರಲ್ಲಿ ಹಳೆಯ ಪಂಜರಗಳನ್ನು ನಿಷೇಧಿಸಲು ತೀರ್ಮಾನಿಸಿ, 2012ರಲ್ಲಿ ಅದನ್ನು ಜಾರಿಗೆ ತಂದು, ಕೋಳಿಯೊಂದರ ಪಾಲನ್ನು 550 ಚದರ ಸೆಂಟಿಮೀಟರಿನಿಂದ 750ಕ್ಕೆ ಏರಿಸಿತು. ಎ4 ಅಳತೆಯ ಕಾಗದವೊಂದರ ವಿಸ್ತೀರ್ಣ ಸುಮಾರು 624. ಹಾಳೆಗಿಂತ ತುಸು ಕಿರಿದಾದ ಬದುಕಿನಿಂದ ಹಾಳೆಗಿಂತ ತುಸು ಹಿರಿದಾದ ಬದುಕಿಗೆ ಬರಲು ಕೋಳಿಕುಲಕ್ಕೆ ಹನ್ನೆರಡು ವರ್ಷಗಳ ಮೇಲೆ ಹಿಡಿಯಿತು.

ಬೆನ್ನೆಲುಬಿಲ್ಲದವರಿಗೂ ನ್ಯಾಯ ಸಿಕ್ಕಿದೆ. ಏಡಿ, ಲಾಬ್‌ಸ್ಟರ್, ಆಕ್ಟೋಪಸ್‌ಗಳಿಗೆ ನೋವಾಗುತ್ತದೆಯೇ ಎಂಬುದನ್ನು ನಿರ್ಧರಿಸಲು ಬ್ರಿಟಿಷ್ ಸರ್ಕಾರ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ತಜ್ಞರ ಮೊರೆಹೋಯಿತು. ಅವರು ಮುನ್ನೂರಕ್ಕೂ ಹೆಚ್ಚು ವೈಜ್ಞಾನಿಕ ಅಧ್ಯಯನಗಳನ್ನು ಪರಿಶೀಲಿಸಿ, ಹೌದು, ಅವಕ್ಕೂ ಸಂವೇದನೆಯಿದೆ ಎಂದು 2021ರಲ್ಲಿ ವರದಿ ಕೊಟ್ಟರು. ಮರುವರ್ಷ ಕಾಯ್ದೆಯೂ ಬಂತು. ವರದಿ ಹೊರಬಿದ್ದ ದಿನವೇ ಸರ್ಕಾರ ಒಂದು ಭರವಸೆಯನ್ನೂ ಕೊಟ್ಟಿತ್ತು: ಏಡಿ, ಲಾಬ್‌ಸ್ಟರ್ ಹಿಡಿಯುವ ಉದ್ಯಮದ ಮೇಲಾಗಲಿ ಹೋಟೆಲುಗಳ ಮೇಲಾಗಲಿ ಇದರಿಂದ ನೇರ ಪರಿಣಾಮವೇನೂ ಆಗುವುದಿಲ್ಲ.