ದಿನಾ ಹಾವೇರಿ-ಹುಬ್ಬಳ್ಳಿ ಓಡಾಟಕ್ಕೆ ಹಳೇ ಡೀಸೆಲ್ ಕಾರು ಸರಿಯೇ?

ಪರ: ದೂರ ಓಡುವವರಿಗೆ ಡೀಸೆಲ್ಲೇ ಸರಿ

ಹಾವೇರಿಯಲ್ಲಿ ಮನೆ, ಹುಬ್ಬಳ್ಳಿಯಲ್ಲಿ ಕೆಲಸ. ನಮ್ಮ ಕಡೆ ಇಂಥವರು ಸಾಕಷ್ಟು ಜನ ಇದ್ದೇವೆ. ಹೋಗಿ ಬರಲು ಸುಮಾರು 150 ಕಿಲೋಮೀಟರ್. ತಿಂಗಳಿಗೆ 25 ದಿನ ಹಿಡಿದರೆ 3,700ರ ಹತ್ತಿರ ಆಯ್ತು. ವರ್ಷಕ್ಕೆ 40 ಸಾವಿರ ದಾಟುತ್ತದೆ. ಇಷ್ಟು ಓಡುವವರು ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳುವಾಗ ಬಣ್ಣ, ಟಚ್ ಸ್ಕ್ರೀನ್, ಅಲಾಯ್ ವೀಲ್ ಎಲ್ಲ ಆಮೇಲೆ. ಮೊದಲು ನೋಡಬೇಕಾದದ್ದು ಬಂಕಿನ ಖರ್ಚು.

ಲೆಕ್ಕ ಹಾಕಿ. ಸ್ವಿಫ್ಟ್, ಡಿಜೈರ್ ಅಳತೆಯ ಡೀಸೆಲ್ ಕಾರು ಹೈವೇಯಲ್ಲಿ ಸಮಾಧಾನವಾಗಿ ಓಡಿಸಿದರೆ ಲೀಟರಿಗೆ 22 ಕೊಡುತ್ತದೆ. ಅದೇ ಅಳತೆಯ ಪೆಟ್ರೋಲ್ ಕಾರಿಗೆ 18 ಹಿಡಿಯೋಣ. ಡೀಸೆಲ್ 91, ಪೆಟ್ರೋಲ್ 103 ರೂಪಾಯಿ ಅಂದುಕೊಂಡರೆ ತಿಂಗಳಿಗೆ ಸುಮಾರು 6 ಸಾವಿರ ಉಳಿಯುತ್ತದೆ. ವರ್ಷಕ್ಕೆ 70 ಸಾವಿರ. ಸಂಬಳದ ಮೇಲೆ ಮನೆ ನಡೆಸುವವರಿಗೆ ಇದು ಮಕ್ಕಳ ಸ್ಕೂಲ್ ಫೀಸು.

ದುಡ್ಡಿನ ಮಾತು ಬಿಟ್ಟರೂ ಆ ರಸ್ತೆಗೆ ಡೀಸೆಲ್ ಇಂಜಿನ್ನೇ ಒಪ್ಪುತ್ತದೆ. ಫಿಯೆಟ್‌ನವರ 1.3 ಲೀಟರ್ ಇಂಜಿನ್ ನೋಡಿ. ಸ್ವಿಫ್ಟ್, ಡಿಜೈರ್, ರಿಟ್ಜ್, ಇಂಡಿಕಾ ವಿಸ್ಟಾ, ಪುಂಟೊ ಎಲ್ಲದರಲ್ಲೂ ಬಂದದ್ದು ಅದೇ. ಸ್ವಿಫ್ಟಿನಲ್ಲಿ ಅದು ನಿಮಿಷಕ್ಕೆ 2,000 ಸುತ್ತು (ಆರ್‌ಪಿಎಮ್) ತಿರುಗುವಾಗಲೇ 190 ನ್ಯೂಟನ್ ಮೀಟರ್ ಎಳೆತ ಸಿಗುತ್ತದೆ. ಸ್ವಿಫ್ಟಿನ 1.2 ಲೀಟರ್ ಪೆಟ್ರೋಲ್ ಇಂಜಿನ್‌ಗೆ ಸಿಗುವುದು ಸುಮಾರು 114, ಅದೂ 4,000 ಆರ್‌ಪಿಎಮ್‌ಗೆ ಹೋದ ಮೇಲೆ. ಬಂಕಾಪುರ ಟೋಲ್ ದಾಟಿ ಐದನೇ ಗೇರಿಗೆ ಹಾಕಿದರೆ ಸಾಕು, ಲಾರಿ ಹಿಂದೆ ಹಾಕಲೂ ಗೇರ್ ಇಳಿಸಬೇಕಾಗಿಲ್ಲ. ಆ ಡೀಸೆಲ್ ಇಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ; ಅದನ್ನು ಬೆಲ್ಟಿನಂತೆ ಹೊತ್ತು ಹೊತ್ತಿಗೆ ಬದಲಿಸಬೇಕಾಗಿಲ್ಲ. ಇಂಜಿನ್ನಿನ ಸಾಮಾನು ಹುಬ್ಬಳ್ಳಿಯಲ್ಲಿ ಸುಲಭವಾಗಿ ಸಿಗುತ್ತದೆ, ಬಿಚ್ಚಿ ಜೋಡಿಸಿದ ಅನುಭವ ಇರುವ ಮಿಸ್ತ್ರಿಗಳೂ ಬೇಕಾದಷ್ಟು ಇದ್ದಾರೆ.

ಮೀಟರ್ ಒಂದು ಲಕ್ಷ ದಾಟಿದೆ ಅಂತ ಹೆದರಬೇಡಿ. ಹೈವೇಯಲ್ಲಿ ಓಡಿದ ಒಂದು ಲಕ್ಷಕ್ಕಿಂತ ಊರೊಳಗೆ ಓಡಿದ 60 ಸಾವಿರವೇ ಗಾಡಿಯನ್ನು ಜಾಸ್ತಿ ಸವೆಸುತ್ತದೆ. ಕ್ಲಚ್, ಬ್ರೇಕ್, ಗೇರ್‌ಬಾಕ್ಸ್ ಸವೆಯುವುದು ಸಿಗ್ನಲ್‌ನಲ್ಲಿ, ಸಂತೆ ಬೀದಿಯಲ್ಲಿ. ಹೆದರಬೇಕಾದದ್ದು ಹಿಂದಕ್ಕೆ ತಿರುಗಿಸಿದ ಮೀಟರಿಗೆ. 50 ಸಾವಿರ ತೋರಿಸುವ ಗಾಡಿಯಲ್ಲಿ ಕ್ಲಚ್ ಪೆಡಲ್ಲಿನ ರಬ್ಬರ್ ನುಣ್ಣಗಾಗಿದ್ದು, ಸ್ಟಿಯರಿಂಗ್ ಹೊಳೆಯುತ್ತಿದ್ದರೆ ಎದ್ದು ಬನ್ನಿ. ಹತ್ತಿರದ ಸರ್ವೀಸ್ ಸೆಂಟರಿನಲ್ಲಿ ಗಾಡಿ ನಂಬರ್ ಕೊಟ್ಟು ಹಳೇ ಸರ್ವೀಸ್ ದಾಖಲೆ ಕೇಳಿ.

ನಾನು ಗಾಡಿ ಹುಡುಕುವಾಗ ಪರಿಚಯದ ಮಿಸ್ತ್ರಿಯೊಬ್ಬರನ್ನು ಕರೆದುಕೊಂಡು ಹೋಗಿದ್ದೆ. ಅವರು ಕಾರಿನ ಸುತ್ತ ತಿರುಗಲೇ ಇಲ್ಲ. ಬಾನೆಟ್ ಮೇಲೆ ಅಂಗೈ ಇಟ್ಟರು. "ಸರ್, ಗಾಡಿ ಬಿಸಿ ಐತಿ. ಮೊದ್ಲ ಚಾಲೂ ಮಾಡಿ ಇಟ್ಟಾರ. ನಾಳೆ ಮುಂಜಾನೆ ಬರೂಣ್ರಿ" ಅಂದರು. ಬಿಸಿ ಇಂಜಿನ್ ಸುಲಭವಾಗಿ ಹತ್ತುತ್ತದೆ, ದೋಷ ಗೊತ್ತಾಗುವುದಿಲ್ಲ. ಮಾರುವವರಿಗೆ ಮುಟ್ಟಬೇಡಿ ಎಂದು ಹೇಳಿ ಬಂದೆವು. ಮರುದಿನ ತಣ್ಣಗಿದ್ದ ಇಂಜಿನ್ ಒಂದೇ ಸಲ ಕೀ ತಿರುಗಿಸಿದ್ದಕ್ಕೆ ಹತ್ತಿತು. ಇಂಜಿನ್ ಓಡುತ್ತಿರುವಾಗಲೇ ಅವರು ಆಯಿಲ್ ಕ್ಯಾಪ್ ಬಿಚ್ಚಿ, ಬಾಯಿ ಮೇಲೆ ಹಾಗೇ ಸಡಿಲವಾಗಿ ಇಟ್ಟರು. ಕ್ಯಾಪ್ ಕುಣಿಯಲಿಲ್ಲ, ಹೊಗೆ ಉಗುಳಲಿಲ್ಲ. ಇಂಜಿನ್ನಿನೊಳಗಿನ ಪಿಸ್ಟನ್ ರಿಂಗ್ ಸವೆದಿದ್ದರೆ ಒಳಗಿನಿಂದ ನುಗ್ಗುವ ಗಾಳಿಗೆ ಕ್ಯಾಪ್ ಟಕಟಕ ಎಂದು ಹಾರುತ್ತದೆ. ಆಮೇಲೆ ಡಿಪ್‌ಸ್ಟಿಕ್ ಎಳೆದರು. ಆಯಿಲ್ ಕಪ್ಪಗಿತ್ತು. ಡೀಸೆಲ್ ಇಂಜಿನ್ನಿನ ಆಯಿಲ್ ಹಾಕಿದ ಸ್ವಲ್ಪ ದಿನಕ್ಕೇ ಕಪ್ಪಾಗುತ್ತದೆ, ಅದು ಕಾಯಿಲೆಯಲ್ಲ. ಕೊನೆಗೆ ಹೈವೇಗೆ ಒಯ್ದು, ನಾಲ್ಕನೇ ಗೇರಿನಲ್ಲಿ ಒಮ್ಮೆಲೇ ಆಕ್ಸಿಲರೇಟರ್ ಒತ್ತಿ, ಹಿಂದೆ ದಟ್ಟ ಹೊಗೆ ಬರುತ್ತದೆಯೇ ಎಂದು ಕನ್ನಡಿಯಲ್ಲಿ ನೋಡಿದರು. ಅಷ್ಟಕ್ಕೇ ಅವರ ಪರೀಕ್ಷೆ ಮುಗಿಯಿತು. ಆ ಗಾಡಿ ಇವತ್ತಿಗೂ ನನ್ನನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸುತ್ತಿದೆ.

ಟರ್ಬೊ (ಇಂಜಿನ್ನಿಗೆ ಗಾಳಿ ತುಂಬುವ ಭಾಗ) ಹೋದರೆ, ಇಂಜೆಕ್ಟರ್ (ಡೀಸೆಲ್ ಸಿಂಪಡಿಸುವ ಭಾಗ) ಹೋದರೆ ಅಂತ ಹೆದರಿಸುವವರು ಇದ್ದೇ ಇರುತ್ತಾರೆ. ಅವರಲ್ಲಿ ಬಹಳ ಜನ ಭಾನುವಾರ ಮಾತ್ರ ಗಾಡಿ ತೆಗೆಯುವವರು. ಹೊತ್ತಿಗೆ ಸರಿಯಾಗಿ ಆಯಿಲ್, ಡೀಸೆಲ್ ಫಿಲ್ಟರ್ ಬದಲಿಸಿ. ಓಡಿ ಬಂದ ತಕ್ಷಣ ಕೀ ತಿರುಗಿಸದೆ ಅರ್ಧ ನಿಮಿಷ ಇಂಜಿನ್ ಹಾಗೇ ಬಿಡಿ, ಟರ್ಬೊ ಬಾಳುತ್ತದೆ. ಸಿಎನ್‌ಜಿ ಅನ್ನುವವರಿಗೆ ನನ್ನದೊಂದೇ ಪ್ರಶ್ನೆ: ಡಿಕ್ಕಿ ತುಂಬ ಸಿಲಿಂಡರ್ ಇಟ್ಟುಕೊಂಡು ಬ್ಯಾಗ್ ಎಲ್ಲಿಡುತ್ತೀರಿ?

ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದೆ ಎಂದು ಬ್ಯಾಂಕು ಕೊಡುವ ಫಾರ್ಮ್ 35 ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. 2016ರಿಂದ 2019ರೊಳಗಿನ, ಒಬ್ಬರೇ ಓಡಿಸಿದ, ಕೆಎ 25 (ಧಾರವಾಡ) ಇಲ್ಲವೇ ಕೆಎ 27 (ಹಾವೇರಿ) ನಂಬರಿನ ಗಾಡಿ ಸಿಕ್ಕರೆ ಕಣ್ಣು ಮುಚ್ಚಿಕೊಂಡು ಅಲ್ಲ, ಕ್ಯಾಪ್ ಬಿಚ್ಚಿ ನೋಡಿಯೇ ತಗೊಳ್ಳಿ.

ವಿರೋಧ: ಡೀಸೆಲ್ ಕಾಲ ಹಿಂದಾಯಿತು

ವಿರೋಧದ ಕಡೆಯಿಂದ ಬರೆಯಿರಿ ಎಂದು ನನಗೆ ಹೇಳಿದ್ದಾರೆ. ಹೈವೇ ಮೇಲೆ ಡೀಸೆಲ್ ಕಾರು ಚೆನ್ನಾಗಿ ಎಳೆಯುತ್ತದೆ, ಅದನ್ನು ನಾನು ಇಲ್ಲ ಎನ್ನುವುದಿಲ್ಲ. ನನ್ನ ತಕರಾರು ಗಾಡಿಯ ವಯಸ್ಸಿನ ಬಗ್ಗೆ.

2020ರ ಏಪ್ರಿಲ್ 1ಕ್ಕೆ ಬಿಎಸ್ 6 ಎಂಬ ಹೊಸ ಹೊಗೆ ನಿಯಮ ಬಂತು. ಮಾರುತಿಯವರು ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿದರು. ಅಂದರೆ ಎಲ್ಲರೂ ಹೊಗಳುವ ಆ 1.3 ಇಂಜಿನ್ ಈಗ ಹಳೇ ಗಾಡಿಯಲ್ಲೇ ಸಿಗಬೇಕು. ಈಗಾಗಲೇ ಲಕ್ಷ ದಾಟಿದ ಗಾಡಿಯನ್ನು ವರ್ಷಕ್ಕೆ 40 ಸಾವಿರ ಓಡಿಸಿದರೆ ಮೂರು ವರ್ಷಕ್ಕೆ ಅದು ಎರಡು ಲಕ್ಷ ದಾಟಿರುತ್ತದೆ. ಆಗ ಅದನ್ನು ಕೊಳ್ಳುವವರು ಯಾರು?

ದರದ ಫರಕೂ ಮೊದಲಿನಂತಿಲ್ಲ. 2012ರ ಸುಮಾರಿಗೆ ಪೆಟ್ರೋಲ್‌ಗೂ ಡೀಸೆಲ್‌ಗೂ ಲೀಟರಿಗೆ 25 ರೂಪಾಯಿಗಿಂತ ಜಾಸ್ತಿ ಅಂತರ ಇತ್ತು. 2014ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಡೀಸೆಲ್ ದರದ ಮೇಲಿನ ಹಿಡಿತ ಬಿಟ್ಟಿತು. 2025ರ ಏಪ್ರಿಲ್‌ನಲ್ಲಿ ನಮ್ಮ ರಾಜ್ಯವೂ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ 21.17ಕ್ಕೆ ಏರಿಸಿತು.

ನನ್ನ ತಮ್ಮ ಹೀಗೇ ಲೆಕ್ಕ ಹಾಕಿ ಒಂದು ಹಳೇ ಡೀಸೆಲ್ ಕಾರು ತಂದ. ಮೊದಲು ಎಲ್ಲ ಚೆನ್ನಾಗಿತ್ತು. ಒಂದು ಸಂಜೆ ಮಳೆಯಲ್ಲಿ, ತಡಸ ಕ್ರಾಸ್ ದಾಟುವಷ್ಟರಲ್ಲಿ ಪಿಕಪ್ ಹೋಯಿತು. ಎಷ್ಟು ಒತ್ತಿದರೂ ನಲವತ್ತರ ಮೇಲೆ ಏರಲಿಲ್ಲ. ಹಿಂದೆ ನೀಲಿ ಹೊಗೆ. ಪಕ್ಕಕ್ಕೆ ಹಾಕಿ ನನಗೆ ಫೋನ್ ಮಾಡಿದ, "ಅಕ್ಕಾ, ಗಾಡಿ ನಿಂತೈತಿ" ಅಂತ. ಕ್ರೇನ್ ಮೇಲೆ ಹುಬ್ಬಳ್ಳಿಗೆ ಒಯ್ಯಬೇಕಾಯಿತು. ಟರ್ಬೊ ಹೋಗಿತ್ತು. ಅದರ ಜೊತೆಗೆ ಇಂಜೆಕ್ಟರ್ ಕೆಲಸವೂ ಬಂತು. ಗ್ಯಾರೇಜಿನ ಬಿಲ್ಲು 50 ಸಾವಿರ ದಾಟಿತು. ಸಾಮಾನು ಬರುವವರೆಗೆ ಅವನು ವಾಯವ್ಯ ಸಾರಿಗೆ ಬಸ್ಸಿನಲ್ಲಿ ಓಡಾಡಿದ. ಒಂದು ವರ್ಷದ ಉಳಿತಾಯ ಹೆಚ್ಚುಕಡಿಮೆ ಅಲ್ಲೇ ಹೋಯಿತು. ಪೆಟ್ರೋಲ್ ಕಾರಿನಲ್ಲಿ ಕೆಲಸ ಬರುವುದಿಲ್ಲ ಅಂತಲ್ಲ. ಆದರೆ ಇಷ್ಟು ದೊಡ್ಡ ಏಟು ಬೀಳುವುದು ಅಪರೂಪ.

ಇನ್ನೊಂದು ಮಾತು. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ನಿರ್ಬಂಧ ಬಂದ ಮೇಲೆ ಅಲ್ಲಿಯ ಕಾರುಗಳು ಕಡಿಮೆ ರೇಟಿಗೆ ಬೇರೆ ರಾಜ್ಯಗಳಿಗೆ ಬರುತ್ತವೆ. ರೇಟು ನೋಡಿ ಮರುಳಾಗಬೇಡಿ. ಎನ್‌ಒಸಿ ತಂದು, ಇಲ್ಲಿ ಮತ್ತೆ ರಸ್ತೆ ತೆರಿಗೆ ಕಟ್ಟಿ, ಹೊಸ ನಂಬರ್ ಪಡೆಯುವಷ್ಟರಲ್ಲಿ ಅಗ್ಗ ಎನ್ನುವುದು ಉಳಿಯುವುದಿಲ್ಲ.

ಬದಲಿಗೆ ಏನು ಅಂದರೆ, ಕಂಪನಿಯಿಂದಲೇ ಸಿಎನ್‌ಜಿ ಹಾಕಿ ಬಂದ ವ್ಯಾಗನ್ ಆರ್ ಥರದ ಗಾಡಿ ನೋಡಿ. ಕಂಪನಿ ಲೆಕ್ಕದಲ್ಲಿ ಅದು ಕೆಜಿಗೆ 34 ಕಿಲೋಮೀಟರ್. ಹೈವೇಯಲ್ಲಿ 25 ಕೊಟ್ಟರೂ ಡೀಸೆಲ್‌ಗಿಂತ ಖರ್ಚು ಕಡಿಮೆ. ಹುಬ್ಬಳ್ಳಿ-ಧಾರವಾಡದಲ್ಲಿ ಸಿಎನ್‌ಜಿ ಬಂಕ್‌ಗಳಿವೆ, ಕೆಲಸ ಮುಗಿಸಿ ಹೊರಡುವಾಗ ತುಂಬಿಸಿಕೊಳ್ಳಬಹುದು. ಡಿಕ್ಕಿ ಚಿಕ್ಕದಾಗುತ್ತದೆ, ನಿಜ. ಆಫೀಸಿನ ಬ್ಯಾಗು, ಊಟದ ಡಬ್ಬಿ ಹಿಂದಿನ ಸೀಟಿನ ಮೇಲೂ ಕೂರುತ್ತವೆ. ತಗೊಳ್ಳುವಾಗ ಆರ್‌ಸಿಯಲ್ಲಿ ಸಿಎನ್‌ಜಿ ಎಂದು ನಮೂದಾಗಿದೆಯೇ ನೋಡಿ. ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ಒತ್ತಡ ತಾಳುತ್ತದೆಯೇ ಎಂಬ ಪರೀಕ್ಷೆ) ಆಗಬೇಕು. ಅದರ ಸರ್ಟಿಫಿಕೇಟ್ ಇಲ್ಲದಿದ್ದರೆ ಟೆಸ್ಟ್ ಮಾಡಿಸಿ ಕೊಡಿ ಎಂದು ಮಾರುವವರಿಗೇ ಹೇಳಿ.