ಆಸ್ರಿಗೆ ಮಾಟೆ ಅಕ್ಕಾ?

ಶಿರಸಿ ಕಡೆ ಯಾರ ಮನೆ ಮೆಟ್ಟಿಲು ಹತ್ತಿದರೂ ಮೊದಲ ಮಾತು "ಆಸ್ರಿಗೆ ಎಂತ ಅಕ್ಕು?", ಅಂದರೆ ಕುಡಿಯಲು ಏನಾಗಬಹುದು ಅಂತ. ಬೆಲ್ಲ-ನೀರು, ಮಜ್ಜಿಗೆ, ಚಾ, ಕಷಾಯ, ಬೇಸಿಗೆಯಾದರೆ ಮುರುಗಲು ಪಾನಕ. ಬೇಡ ಅಂದರೆ ಯಾರೂ ನಂಬುವುದಿಲ್ಲ. ಇಷ್ಟುದ್ದದ ಪಟ್ಟಿಗೆ ಇನ್ನೊಂದು ಬೇಕಿತ್ತಾ? ಬೇಕಿರಲಿಲ್ಲ. ಸೇರಿಸಿದವನು ನಮ್ಮ ಭಾವ.

ಭಾವನ ಮನೆ ಕಾರವಾರ, ಕೆಲಸ ಹಡಗಿನಲ್ಲಿ. ಯಾವಾಗಲೂ ಚಾಕಲೇಟ್ ತರುವವನು ಈ ಸಲ ಬ್ರೆಜಿಲಿನ ಸಾಂತೋಸ್ ಬಂದರಿನಿಂದ ಯೆರ್ಬಾ ಮಾಟೆ ತಂದ, ಆ ಕಡೆಯವರು ಚಾದ ಹಾಗೆ ಕುಡಿಯುವ ಎಲೆ. ಒಂದು ಪೊಟ್ಟಣದಲ್ಲಿ ಹಸಿರು ಪುಡಿ, ಇನ್ನೊಂದರಲ್ಲಿ ಕಂದು ಬಣ್ಣಕ್ಕೆ ಹುರಿದ ಎಲೆ, ಕಡ್ಡಿ. ಜೊತೆಗೆ ಸೋರೆ ಬುರುಡೆಯ ಪುಟ್ಟ ಪಾತ್ರೆ, ಬುಡದಲ್ಲಿ ಜರಡಿ ಇರುವ ಲೋಹದ ಕೊಳವೆ. ಮಕ್ಕಳು ಬ್ಯಾಗನ್ನು ಪೂರ್ತಿ ಬುಡಮೇಲು ಮಾಡಿ ನೋಡಿದರು. ಆಮೇಲೆ ಭಾವನ ಜೊತೆ ಮಾತು ಬಿಟ್ಟರು.

ಅಪ್ಪನ ಪ್ರಶ್ನೆ ರುಚಿಯದ್ದಲ್ಲ. "ಅಡಕೆ ಮಧ್ಯೆ ಹಾಕಲೆ ಬತ್ತಾ?" ತೋಟದವರ ಲೆಕ್ಕದಲ್ಲಿ ಜಗತ್ತಿನ ಗಿಡಗಳೆಲ್ಲ ಎರಡೇ ಜಾತಿ: ಅಡಕೆ ಮಧ್ಯೆ ಬರುವವು, ಬಾರದವು. ಮಾಟೆ ಚಾ ಗಿಡದ ನೆಂಟನೂ ಅಲ್ಲ. ಪರಾಗ್ವೆ, ಅರ್ಜೆಂಟೀನಾದ ಈಶಾನ್ಯ, ಬ್ರೆಜಿಲಿನ ದಕ್ಷಿಣ, ಅಲ್ಲಿನ ಕಾಡಿನ ಮರ. ಬೀಜ ಸುಲಭಕ್ಕೆ ಮೊಳೆಯುವುದಿಲ್ಲ. ಜೆಸ್ಯೂಟ್ ಪಾದ್ರಿಗಳು 17ನೇ ಶತಮಾನದಲ್ಲಿ ಹೇಗೋ ತೋಟ ಎಬ್ಬಿಸಿದ್ದರು. 1767ರಲ್ಲಿ ಸ್ಪೇನಿನ ದೊರೆ ಅವರನ್ನು ಓಡಿಸಿದ ಮೇಲೆ ತೋಟಗಳು ಹಾಳು ಬಿದ್ದವು, ಬೀಜ ಮೊಳೆಸುವ ಗುಟ್ಟೂ ಮರೆತುಹೋಯಿತು. ನಾನು ಇಷ್ಟು ಹೇಳುವಷ್ಟರಲ್ಲಿ ಅಪ್ಪ ಕವಳ ಹಾಕಿಕೊಂಡು ಎದ್ದಾಗಿತ್ತು. "ಇರೋ ಕೊಳೆ ರೋಗವೇ ಸಾಕು ಮಾರಾಯ."

ಹಸಿರು ಮಾಟೆ ಕುಡಿಯುವ ಕ್ರಮವೇ ಬೇರೆ. ಬುರುಡೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಪುಡಿ ತುಂಬಬೇಕು. 70-80 ಡಿಗ್ರಿಯ ಬಿಸಿನೀರು ಹೊಯ್ದು ಕೊಳವೆಯಿಂದ ಹೀರಬೇಕು. ಒಬ್ಬರದು ಮುಗಿದರೆ ಮತ್ತೆ ನೀರು ಹೊಯ್ದು ಪಕ್ಕದವರಿಗೆ. ಅದೇ ಬುರುಡೆ, ಅದೇ ಕೊಳವೆ. ಅಲ್ಲಿ ಅದು ದೋಸ್ತಿಯ ಗುರುತಂತೆ. ಭಾವ ಒಂದು ಗುಟುಕು ಹೀರಿ ಅಮ್ಮನ ಕಡೆ ಚಾಚಿದ. ಚೊಂಬನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವ ಮನೆ ನಮ್ಮದು. ಅಮ್ಮ ಹಿಂದೆ ಸರಿದಳು. "ಎಂಜಲು!" ಅಳಿಯ ಅಂತ ದನಿ ತಗ್ಗಿಸಿದ್ದಳು, ಆದರೂ ಪಕ್ಕದ ಮನೆಗೆ ಕೇಳುವಷ್ಟಿತ್ತು.

ಚಿಕ್ಕಪ್ಪ ದಾರಿ ಹುಡುಕಿದ. ಕೊಳವೆ ಕಿತ್ತಿಟ್ಟು, ಬುರುಡೆಯನ್ನೇ ಮೇಲೆತ್ತಿ ಬಾಯಿಗೆ ಬಗ್ಗಿಸಿದ. ಏನೂ ಬರಲಿಲ್ಲ. ಇನ್ನಷ್ಟು ಬಗ್ಗಿಸಿದ. ಆಗ ನೀರು, ಪುಡಿ, ಕಡ್ಡಿ ಎಲ್ಲ ಒಟ್ಟಿಗೇ ಬಂತು. ಮೀಸೆಗೆ ಹಿಡಿದ ಹಸಿರು ಸಂಜೆಯವರೆಗೂ ಪೂರ್ತಿ ಹೋಗಲಿಲ್ಲ.

ಉಳಿದ ಹಸಿರು ಪುಡಿಗೆ ಭಾವನ ಹತ್ತಿರ ಇನ್ನೊಂದು ಉಪಾಯ ಇತ್ತು. ಪರಾಗ್ವೆಯಲ್ಲಿ ಪುಡಿಗೆ ಸಕ್ಕರೆ ಬೆರೆಸಿ ಕೆಂಡದಲ್ಲಿ ಸುಡುತ್ತಾರೆ. ಸಕ್ಕರೆ ಕರಗಿ ಕಪ್ಪಾದ ಮೇಲೆ ನೀರು ಹೊಯ್ದು, ಸೋಸಿ ಕುಡಿಯುತ್ತಾರೆ. ಕೆಂಡಕ್ಕೇನು ಬರ, ಬಚ್ಚಲ ಒಲೆ ಇದೆಯಲ್ಲ. ಇಕ್ಕಳದಲ್ಲಿ ಕೆಂಡ ತಂದು ಅಂಗಳದಲ್ಲಿಟ್ಟ ಪಾತ್ರೆಗೆ ಹಾಕಿದ. ಚಟಪಟ ಸದ್ದು. ಕೆಂಡದ ಸುತ್ತ ಸಕ್ಕರೆ ಕಂದು ನೊರೆಯಾಗಿ ಉಕ್ಕಿತು. ಮೊದಲು ತೆಳು ಹೊಗೆ, ಆಮೇಲೆ ತೆಂಗಿನ ಮರ ಮುಚ್ಚುವಷ್ಟು ಹೊಗೆ. ದಾರಿಯಲ್ಲಿ ಹೋಗುತ್ತಿದ್ದ ಅಜ್ಜಿಯೊಬ್ಬರು ದಣಪೆ ಹತ್ತಿರ ನಿಂತು ಕೇಳಿದರು: "ಯಾರಿಗೇ ದೃಷ್ಟಿ ಆದ್ದು?"

"ಪಾತ್ರೆಗೆ" ಅಂದಳು ಅಮ್ಮ.

ಹೊಸ ಸ್ಟೀಲ್ ಪಾತ್ರೆ ಅದು. ಬೂದಿ ಹಾಕಿ ತಿಕ್ಕಿದರೂ ತಳದ ಕರಿ ಬಿಡಲಿಲ್ಲ. ಕುಡಿಯಲು ಮಾತ್ರ ಬಹಳ ಚೆನ್ನಾಗಿತ್ತು. ಇದನ್ನು ಅಮ್ಮನ ಎದುರು ಯಾರೂ ಹೇಳಲಿಲ್ಲ.

ಕೊನೆಗೆ ಮನೆಗೆ ಒಗ್ಗಿದ್ದು ಹುರಿದ ಮಾಟೆ. ಪೊಟ್ಟಣ ಕತ್ತರಿಸಿದರೆ ಮಳೆಗಾಲದಲ್ಲಿ ಅಡಕೆ ಒಣಗಿಸುವ ಅಟ್ಟದ ಹಾಗೇ ವಾಸನೆ. ಲೋಟಕ್ಕೆ ಒಂದು ಚಮಚ ಹಾಕಿ, ಕುದಿದ ನೀರು ಹೊಯ್ದು, 5 ನಿಮಿಷ ಮುಚ್ಚಿಡುವುದು. ಹಸಿರಿನಷ್ಟು ಕಹಿ ಇಲ್ಲ. ಅವರವರ ಲೋಟ ಅವರವರಿಗೆ, ಎಂಜಲಿನ ತಂಟೆಯೂ ಇಲ್ಲ. ನಾನು ಸೋಸುವಷ್ಟರಲ್ಲಿ ಅಮ್ಮ ಹಾಲು, ಬೆಲ್ಲ, ಏಲಕ್ಕಿ ಹಾಕಿ ಅದನ್ನು ಕಷಾಯದ ಸಾಲಿಗೆ ಸೇರಿಸಿದಳು. ಮಾಟೆಯ ಮರ್ಯಾದೆ ಹೋಯಿತು ಅಂದುಕೊಂಡರೆ ಭಾವ ಹೇಳಿದ, ಅರ್ಜೆಂಟೀನಾದಲ್ಲಿ ಮಕ್ಕಳಿಗೆ ಹಾಲು, ಸಕ್ಕರೆ ಹಾಕಿಯೇ ಕೊಡುತ್ತಾರಂತೆ. "ಮತ್ತೆ? ಅವಕ್ಕೂ ಗೊತ್ತಿದ್ದು" ಅಂದಳು ಅಮ್ಮ. ಅಪ್ಪ ಕುಡಿದು "ಅಡ್ಡಿಲ್ಲೆ" ಅಂದರು. ನಮ್ಮ ಕಡೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ.

ಅಪ್ಪನಿಗೆ ಕುಡಿಯುವುದು ಏನೇ ಆದರೂ ಹೊಗೆಯಾಡುವಷ್ಟು ಬಿಸಿ ಇರಬೇಕು. 65 ಡಿಗ್ರಿಗಿಂತ ಬಿಸಿ ಪಾನೀಯ ಕ್ಯಾನ್ಸರಿಗೆ ಕಾರಣವಾಗುವ ಸಂಭವ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಹೇಳಿದೆ, ಅಷ್ಟು ಬಿಸಿ ಇಲ್ಲದ ಮಾಟೆಯ ಮೇಲೆ ಆ ಆರೋಪ ಹೊರಿಸಲು ಆಧಾರ ಸಾಲದು ಅಂದಿದೆ ಅಂತ ಅಪ್ಪನಿಗೆ ತಿಳಿಸಿದೆ. "ಹಂಗಾದ್ರೆ ಥರ್ಮಾಮೀಟರ್ ತಗಂಬಾ" ಅಂದರು. ಜ್ವರದ್ದು 42 ಡಿಗ್ರಿಗೇ ನಿಲ್ಲುತ್ತದೆ.

ಕಾರವಾರದ ಸೆಕೆಗೆ ಬಿಸಿ ಮಾಟೆ ಆಗುವುದಿಲ್ಲ. ಬ್ರೆಜಿಲಿನ ರಿಯೊದ ಕಡಲತೀರದಲ್ಲಿ ಹುರಿದ ಮಾಟೆಯನ್ನು ತಣ್ಣಗೆ ಮಾಡಿ, ಲಿಂಬು ಪಾನಕ ಬೆರೆಸಿ ಮಾರುತ್ತಾರೆ. ಎರಡು ಡ್ರಮ್ಮು ಹೆಗಲಿಗೆ ನೇತುಹಾಕಿಕೊಂಡು ಮರಳಲ್ಲಿ ತಿರುಗುತ್ತಾರೆ. ಅಕ್ಕ ಅದನ್ನೇ ಮಾಡಿ ಟಾಗೋರ್ ಕಡಲತೀರಕ್ಕೆ ತಂದಳು. ರುಚಿ ಅಂದರೆ ರುಚಿ. ಆದರೆ ತುಂಬಿ ತಂದದ್ದು ಫ್ರಿಜ್ಜಿನಲ್ಲಿ ನೀರಿಗೆ ಇಡುವ ಗಾಜಿನ ಬಾಟಲಿಯಲ್ಲಿ. ಗೋವಾ ಹತ್ತಿರ ಇರುವ ಊರಲ್ಲಿ ಅಂಥ ಬಾಟಲಿಗಳು ಎಲ್ಲಿಂದ ಬರುತ್ತವೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಒಳಗೆ ಕಂದು ಬಣ್ಣದ ದ್ರವ. ಸಂಜೆ ತಿರುಗಾಟಕ್ಕೆ ಬಂದವರಲ್ಲಿ, ನಮ್ಮ ತಮ್ಮನಿಗೆ ನೋಡಿದ ಹುಡುಗಿಯ ಸೋದರಮಾವನೂ ಇದ್ದ. ತಮ್ಮ ಬಾಟಲಿ ಎತ್ತಿ ಗಟಗಟ ಕುಡಿಯುತ್ತಿದ್ದ. ಭಾವ ಓಡಿಹೋಗಿ ಅವರಿಗೂ ಒಂದು ಲೋಟ ಕುಡಿಸಿದ ಮೇಲೆಯೇ ಸಂಬಂಧ ಉಳಿಯಿತು.

ಇನ್ನು ಚಿಕ್ಕಪ್ಪ. ಅವನು ರಾತ್ರಿಯಿಡೀ ನಡೆಯುವ ಯಕ್ಷಗಾನದ ಆಟಕ್ಕೆ ಹೋದರೆ ಮಧ್ಯರಾತ್ರಿಗೇ ಗೊರಕೆ. ಮಾಟೆಯಲ್ಲಿ ಕೆಫೀನ್ ಇದೆ ಎಂದು ಕೇಳಿದ್ದೇ, ಫ್ಲಾಸ್ಕ್ ತುಂಬಾ ಮಾಡಿಸಿಕೊಂಡು ಹೋದ. ಬೆಳಗಿನವರೆಗೆ ಕಣ್ಣು ಮುಚ್ಚಲಿಲ್ಲ. ಬಾಯಿಯನ್ನೂ ಮುಚ್ಚಲಿಲ್ಲ. ಭಾಗವತರ ಪ್ರತಿ ಪದ್ಯಕ್ಕೂ, ಹಿಂದಿನವರು ಇದನ್ನು ಹೇಗೆ ಹೇಳುತ್ತಿದ್ದರು ಅಂತ ಪಕ್ಕದವರಿಗೆ ಹಾಡಿ ತೋರಿಸಿದ. ಪಕ್ಕದವರು ಒಬ್ಬೊಬ್ಬರೇ ಕುರ್ಚಿ ಎತ್ತಿಕೊಂಡು ಹಿಂದೆ ಹೋದರು. ವೇಷ ಬಂದಾಗ ಅದಕ್ಕೂ ಸಲಹೆ ಕೊಟ್ಟ. ಮುಂದಿನ ವಾರ ಊರಲ್ಲಿ ಇನ್ನೊಂದು ಆಟ ಇದೆ. ಆಟ ಆಡಿಸುವವರೊಬ್ಬರು ನಿನ್ನೆ ಅಮ್ಮನನ್ನು ಕಂಡು, ಅವತ್ತು ಚಿಕ್ಕಪ್ಪನಿಗೆ ಬರೀ ಹಾಲು ಕೊಡಿ ಎಂದು ಹೇಳಿಹೋಗಿದ್ದಾರೆ.